ಕೆಂಪಿ ನೀರು ಎಳೆದ ದಿನ

ಕೆಂಪಿಯನ್ನು ಗುಜರಿಗೆ ಹಾಕುತ್ತಾರಂತೆ ಎಂದು ಗೊತ್ತಾದ ದಿನ ನಾನು ಅರ್ಧ ಊಟಕ್ಕೇ ಎದ್ದು, ಸೀದಾ ಕುಂದಾಪುರದ ಅಗ್ನಿಶಾಮಕ ಠಾಣೆಗೆ ಹೋಗಿ ಜಗಳ ತೆಗೆದೆ. ಕೆಂಪಿ ಎಂದರೆ ದನವಲ್ಲ, ಎಂಬತ್ತೆರಡನೇ ಇಸವಿಯ ಬೆಂಕಿ ಲಾರಿ. ಆ ಕಾಲದಲ್ಲಿ ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಲ್ಲಿ ಹೊಗೆ ಎದ್ದರೂ ಅದೊಂದೇ ಗತಿ. ಕಿರಿಮಂಜೇಶ್ವರದಲ್ಲಿ ಹುಲ್ಲಿನ ಕುತ್ರಿ ಹೊತ್ತಿಕೊಂಡಾಗಲೂ ಗಂಗೊಳ್ಳಿಯಲ್ಲಿ ಬೋಟು ಉರಿದಾಗಲೂ ಓಡಿದ್ದು ಅದೇ. ಇಪ್ಪತ್ತಾರು ವರ್ಷ ಅದನ್ನು ಓಡಿಸಿ, ಅದರ ಪಂಪು ನಡೆಸಿ ನಿವೃತ್ತನಾದವನು ನಾನು, ಶೀನ.

ಜಿಲ್ಲೆಯ ಸಾಹೇಬರು ಒಳ್ಳೆಯವರು. ನನ್ನ ಕೂಗಾಟ ಪೂರ್ತಿ ಕೇಳಿ, "ಏಪ್ರಿಲ್ ಹದಿನಾಲ್ಕು ಅಗ್ನಿಶಾಮಕ ದಿನ. ಅವತ್ತು ಇದು ಹೊಳೆಯಿಂದ ನೀರು ಎಳೆದು ಹಾರಿಸಿದರೆ ಗುಜರಿ ಪಟ್ಟಿಯಿಂದ ತೆಗೆದು ಠಾಣೆಯಲ್ಲೇ ಇಡುತ್ತೇನೆ. ಆದರೆ ನಡೆಸುವವರು ಯಾರು?" ಎಂದರು.

"ನಾ ಇಲ್ಯಾ?" ಎಂದೆ ಎದೆ ಸೆಟೆಸಿ.

ಹೇಳಿಬಿಟ್ಟೆ. ಆದರೆ ನನ್ನ ಕಿವಿ ಹೋಗಿ ಹತ್ತು ವರ್ಷವಾಗಿದೆ. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಹಿಡಿಯುತ್ತೇನೆ. ಇದು ನನ್ನ ಹೆಂಡತಿ ಅಕ್ಕುವನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಕೆಂಪಿಯ ಪಂಪು ನಡೆಸುವುದೋ, ಅದು ಪೂರಾ ಕಿವಿಯ ಕೆಲಸ. ಖಾಲಿ ಪಂಪು ಕಿರುಚುತ್ತದೆ. ಹೊಳೆಯ ನೀರು ಹತ್ತಿದ ಕೂಡಲೇ ಸದ್ದು ತಗ್ಗುತ್ತದೆ. ಆಗಲೇ ವಾಲ್ವು ತೆರೆಯಬೇಕು. ಮೊದಲೇ ತೆರೆದರೆ ಹತ್ತಿದ ನೀರೂ ಇಳಿದುಹೋಗುತ್ತದೆ. ಒಂದು ನಿಮಿಷ ಮೀರಿ ಖಾಲಿ ಓಡಿದರೆ ಒಳಗಿನ ಸೀಲು ಸುಟ್ಟುಹೋಗುತ್ತದೆ, ಆ ಸೀಲು ಈಗ ದುಡ್ಡು ಕೊಟ್ಟರೂ ಸಿಗುವುದಿಲ್ಲ.

ನಾನೇನು ದಡ್ಡನೇ? ಮೀನುಗಾರರ ಮನೆಯಲ್ಲಿ ಹುಟ್ಟಿದವನು. ಅವತ್ತು ಹುಣ್ಣಿಮೆಯ ಮರುದಿನ, ಹನ್ನೊಂದೂವರೆ ಹೊತ್ತಿಗೆ ಕಡಲು ಉಕ್ಕಿ ಹೊಳೆಗೆ ತುಂಬು ಭರತ. ಕಾರ್ಯಕ್ರಮ ಹನ್ನೊಂದಕ್ಕೆ. ಹೊಳೆ ದಂಡೆಗೆ ಸಮವಾಗಿ ನೀರು ಬಂದಿದ್ದರೆ ಕೆಂಪಿ ಹತ್ತು ಎಣಿಸುವುದರೊಳಗೆ ಎಳೆಯುತ್ತದೆ. ಎಣಿಸಿದರೆ ಸಾಕು, ಕಿವಿಯೇ ಬೇಡ.

ಬೆಳಿಗ್ಗೆ ಕೆಂಪಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು! ಅದರ ಅದುರು ನನ್ನ ಅಂಗಾಲಿನಿಂದ ನೆತ್ತಿಯವರೆಗೆ ಹತ್ತಿತು. ಠಾಣೆಯ ಹೊಸ ಚಾಲಕ ಮನೀಷ್ ಸ್ಟೇರಿಂಗ್ ಹಿಡಿದ, ನಾನು ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ ಜನ ಅಂಗಡಿಯಿಂದ ಹೊರಗೆ ಬಂದು ಕೈ ಬೀಸಿದರು. ನನಗೋ ಮದುಮಗನ ಗತ್ತು. ಹೊಳೆ ಬದಿಯಲ್ಲಿ ಲಾರಿ ನಿಲ್ಲಿಸಿ, ಪೈಪನ್ನು ನೀರಿಗೆ ಇಳಿಬಿಟ್ಟು ಹನ್ನೊಂದಕ್ಕೆ ಸರಿಯಾಗಿ ತಯಾರಾದೆವು.

ಮುಖ್ಯ ಅತಿಥಿಗಳು ಬಂದದ್ದು ಹನ್ನೆರಡೂವರೆಗೆ. ಸಾಸ್ತಾನದ ಟೋಲಿನಲ್ಲಿ ತಡವಾಯಿತಂತೆ. ಆಮೇಲೆ ಸ್ವಾಗತ, ಪ್ರಾಸ್ತಾವಿಕ, ಏಳು ಶಾಲು, ಐದು ಭಾಷಣ. ನೀರಿನ ಲೆಕ್ಕ ಹಾಕಿದವನಿಗೆ ಭಾಷಣದ ಲೆಕ್ಕ ತಪ್ಪಿತು. ಎರಡೂವರೆಗೆ "ಈಗ ಪ್ರಾತ್ಯಕ್ಷಿಕೆ" ಎನ್ನುವಾಗ ಹೊಳೆ ಇಳಿದು, ಪೈಪಿನ ತುದಿ ಕೆಸರಿನಲ್ಲಿ ಮಲಗಿತ್ತು.

ನನ್ನ ಪಿತ್ತ ನೆತ್ತಿಗೇರಿತು. ಅತಿಥಿಗಳಿಗೆ ಬೈದೆ, ಶಾಲಿಗೆ ಬೈದೆ, ಕಡೆಗೆ ಹೊಳೆಗೂ ಬೈದೆ. ಕುಣಿಯಲಾರದವಳಿಗೆ ನೆಲ ಡೊಂಕು, ನನಗೆ ಹೊಳೆ ಡೊಂಕು.

ಮೀನು ಮಾರಿ ಬಂದು ಜನರ ನಡುವೆ ನಿಂತಿದ್ದ ಅಕ್ಕು ಸೀರೆ ಎತ್ತಿ ಕಟ್ಟಿ ಮುಂದೆ ಬಂದಳು. "ಹ್ವಾಯ್, ಬೈದ್ರೆ ನೀರ್ ಬತ್ತಾ? ಪೈಪಿಗೆ ಇನ್ನೊಂದ್ ತುಂಡ್ ಸೇರ್ಸಿ. ನಾ ದೋಣಿ ಹತ್ತಿ ಆಳಕ್ಕೆ ತಕಂಡ್ ಹೋತೆ. ಕೆಸ್ರ್ ಒಳ್ಗ್ ಹೋಗ್ದಂಗೆ ತುದಿನ ನನ್ ಬುಟ್ಟಿಯೊಳ್ಗೆ ಇಡ್ತೆ."

ಹಿಂದೆ ಬೋಟಿಗೆ ಬೆಂಕಿ ಬಿದ್ದಾಗ ನಾವು ಮಾಡಿದ್ದು ಇದನ್ನೇ! ನನಗೆ ಮರೆತುಹೋಗಿತ್ತು. ಮನೀಷ್ ಓಡಿ ಪೈಪು ಜೋಡಿಸಿದ. ಅಕ್ಕು ದೋಣಿಯಲ್ಲಿ ಕೂತು, ಪೈಪಿನ ತುದಿಯಿದ್ದ ಬುಟ್ಟಿಯನ್ನು ನೀರಿನಲ್ಲಿ ಮುಳುಗಿಸಿ ಎರಡೂ ಕೈಯಲ್ಲಿ ಹಿಡಿದಳು.

ಆದರೆ ಈಗ ಪೈಪು ಉದ್ದ, ನೀರು ಕೆಳಗೆ. ಹತ್ತು ಎಣಿಸಿದರೆ ನಡೆಯುವುದಿಲ್ಲ. ಎಷ್ಟು ಎಣಿಸಬೇಕೆಂದು ದೇವರಿಗೇ ಗೊತ್ತು.

ಪಂಪು ಹಾಕಿದೆ. ಲಾರಿಯ ಮೈ ಅದುರಿತು. ಹತ್ತು. ಇಪ್ಪತ್ತು. ಮೂವತ್ತು. ನೀರಿನ ಒತ್ತಡ ತೋರಿಸುವ ಮೀಟರು ಸತ್ತು ಯಾವ ಕಾಲವಾಗಿತ್ತೋ. ನಾನು ಮನೀಷನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಲವತ್ತು. ತಡೆಯಲಾರದೆ ಕೇಳಿಯೇಬಿಟ್ಟೆ:

"ಬಂತಾ? ಸದ್ದ್ ತಗ್ಗ್ತಾ?"

ಅವನ ತುಟಿ ನಿಧಾನವಾಗಿ ಆಡಿತು. "ಎಂತ ಶೀನಣ್ಣ, ನಿಮ್ಗೆ ಕೇಂತಿಲ್ಯಾ?"

ಪಕ್ಕದಲ್ಲೇ ಸಾಹೇಬರು ನಿಂತಿದ್ದರು. ನನ್ನ ಮಾನ ಅಲ್ಲೇ ಹರಾಜಾಯಿತು. ಐವತ್ತು. ಸೀಲು ಸುಡುವ ಮೊದಲು ನಿಲ್ಲಿಸೋಣ, ಗುಜರಿಯಾದರೂ ಗುಜರಿ ಎಂದು ಕೈ ಚಾಚಿದೆ. ಆಗ ಹೊಳೆಯ ಮಧ್ಯೆ ಅಕ್ಕುವಿನ ಮೈ ಗಕ್ಕನೆ ಮುಂದಕ್ಕೆ ಬಾಗಿತು. ಬುಟ್ಟಿ ಅವಳ ಕೈಯನ್ನು ಎಳೆಯುತ್ತಿತ್ತು! ಒಂದು ಕೈ ಬಿಡಿಸಿಕೊಂಡು ಗಾಳಿಯಲ್ಲಿ ಬೀಸಿ ಬೀಸಿ ಅವಳು ಕೂಗುತ್ತಿದ್ದಳು. ಆ ಬಾಯಿಯನ್ನು ನಲವತ್ತು ವರ್ಷದಿಂದ ನೋಡಿದ್ದೇನೆ, ಅಷ್ಟು ದೂರದಿಂದಲೂ ಓದಬಲ್ಲೆ.

"ಎಳೀತ್! ಎಳೀತ್ ಮಾರಾಯ್ರೆ!"

ವಾಲ್ವು ತೆರೆದೆ. ನೀರು ತೆಂಗಿನ ಮರಕ್ಕಿಂತ ಎತ್ತರಕ್ಕೆ ಹಾರಿತು! ಜನ ಕುಣಿದರು, ಮನೀಷ್ ಕುಣಿದ, ಪೆಂಡಾಲು ನೆನೆಯಿತು, ಏಳು ಶಾಲೂ ಒದ್ದೆಯಾದವು. ನಾನು ಕೆಂಪಿಯ ಬಾಗಿಲಿಗೆ ತಲೆಯಿಟ್ಟು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ಸಾಹೇಬರು ಮುಖ ಒರೆಸಿಕೊಂಡು ಎದುರಿಗೆ ಬಂದು, ನನಗೆ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದರು: "ಲಾರಿ ಪಾಸು. ಆದರೆ ಶೀನ ಅವರೇ, ಕಿವಿ ಕೇಳದವರ ಕೈಗೆ ಪಂಪು ಕೊಡುವುದು ಹೇಗೆ?"

ಇಷ್ಟು ವರ್ಷ ಮುಚ್ಚಿಟ್ಟದ್ದು ಸಾಕಾಗಿತ್ತು. ಮನೀಷನ ರಟ್ಟೆ ಹಿಡಿದು ಎಳೆದು, ಅವನ ಕಿವಿ ಮುಟ್ಟಿ ತೋರಿಸಿದೆ. "ನಂಗ್ ಕೇಂತಿಲ್ಲೆ. ಕೈ ನಾ ಕಲಿಸ್ತೆ ಸಾಹೇಬ್ರೆ, ಕೆಮಿ ಇವಂದ್."

ಅವರು ನಕ್ಕು ಒಪ್ಪಿದರು. ಅಲ್ಲೇ, ಅಕ್ಕು ದೋಣಿಯಿಂದ ಇಳಿಯುವ ಮೊದಲೇ, ಪಂಪು ನಿಲ್ಲಿಸಿ ಇನ್ನೊಮ್ಮೆ ಹಾಕಿದೆ. ಈ ಸಲ ಮನೀಷ್ ಕಣ್ಣು ಮುಚ್ಚಿ ನಿಂತ. ಸ್ವಲ್ಪ ಹೊತ್ತಿಗೆ ಅವನ ಕೈ ತಾನಾಗಿ ಮೇಲೆ ಹೋಯಿತು. ಸರಿಯಾದ ಕ್ಷಣಕ್ಕೇ, ಹೊಳೆಯಲ್ಲಿ ಅಕ್ಕುವಿನ ಕೈಯೂ ಆಗಲೇ ಎದ್ದಿತು!

"ಹೆಂಗ್ ಕೇಂತ್, ಹೇಳ್ ಕಾಂಬ" ಎಂದು ಅವನ ತುಟಿಯನ್ನೇ ನೋಡಿದೆ.

"ಕಿರ್ಚಿ ಕಿರ್ಚಿ ಅತ್ತ ಶಿಶು, ಹಾಲ್ ಸಿಕ್ಕಿದ್ ಕೂಡ್ಲೆ ಸುಮ್ನಾದಂಗೆ, ಶೀನಣ್ಣ."

ಹೌದು, ಹಾಗೆಯೇ ಇರುತ್ತಿತ್ತು. ಹತ್ತು ವರ್ಷದ ಮೇಲೆ ಅವತ್ತು ಕೇಳಿದೆ.