ಗೇರೆಣ್ಣೆಯ ಕಪ್ಪು

"ಕಾಲು ಮುಚ್ಚು ಮಾರಾಯ್ತಿ, ಜನ ಬರ್ತಾ ಇದ್ದಾರೆ," ಎನ್ನುತ್ತ ದೊಡ್ಡವ್ವ ಬಿಳಿ ಬಟ್ಟೆಯನ್ನು ಶೀಲಾವತಿಯ ಪಾದಗಳ ಮೇಲೆ ಎಳೆದಳು.

ಪ್ರೇಮಾವತಿ ಅದನ್ನು ಹಿಂದಕ್ಕೆ ಸರಿಸಿದಳು. ತಾಯಿಯ ಹೆಣಕ್ಕೆ ಸ್ನಾನ ಮಾಡಿಸಿ ಆಗಷ್ಟೇ ಚಾವಡಿಯಲ್ಲಿ ಮಲಗಿಸಿದ್ದರು. ಎಡ ಹಿಮ್ಮಡಿಯ ತುಂಬ ಕಪ್ಪು, ನಡುವೆ ಒಡೆದ ಗಾಯ. ಅರಿಸಿನ ಹಚ್ಚಿದರೂ ವಾಸನೆ ಹೋಗಿರಲಿಲ್ಲ.

"ಕಾಲು ಮುಟ್ಟಿ ನಮಸ್ಕಾರ ಮಾಡುವವರು ನೋಡಲಿ."

"ಎಂತ ನೋಡುದು ಅದರಲ್ಲಿ?"

"ಅವ್ವ ಎಂತದರಲ್ಲಿ ಸತ್ತದ್ದು ಅಂತ."

ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ದೊಡ್ಡಪ್ಪ ಡೊಂಬಯ್ಯ ತಲೆ ಎತ್ತಲಿಲ್ಲ. "ನಾಗನ ಮುನಿಸು ಅಂತ ನಾನು ಆಗಲೇ ಹೇಳಿದ್ದೆ. ಸುಬ್ರಹ್ಮಣ್ಯಕ್ಕೆ ಹೋಗಿ ಅಂದರೆ ಪುತ್ತೂರಿನ ಡಾಕ್ಟರ ಹತ್ತಿರ ಹೋದರು."

"ಅದೂ ತಡ ಆಯ್ತು," ಎಂದ ನೆರೆಮನೆಯ ವೆಂಕಪ್ಪ. "ಹೆಂಗಸರು ಹೇಳುದೇ ಇಲ್ಲ. ಅಡಗಿಸಿ ಇಡ್ತಾರೆ."

"ಯಾರು ಅಡಗಿಸಿದ್ದು?"

ಹಿರಿಯರ ಎದುರು ಪ್ರೇಮಾವತಿಯ ಸ್ವರ ಏರಿದ್ದನ್ನು ಆ ಮನೆ ಕೇಳಿರಲಿಲ್ಲ. ಅಂಗಳದಲ್ಲಿ ಕಟ್ಟಿಗೆ ಒಡೆಯುವವರೂ ಕೊಡಲಿ ನಿಲ್ಲಿಸಿದರು.

"ಅವ್ವ ಇದೇ ಜಗಲಿಯಲ್ಲಿ ಕೂತು ನಿಮಗೆ ತೋರಿಸಿದ್ದಾರಲ್ಲ, ವೆಂಕಪ್ಪಣ್ಣ. ಇದು ಕಾಲಿನ ಆಣಿ, ಗೇರೆಣ್ಣೆ ಇಡು ಅಂದದ್ದು ನೀವೇ."

"ಎಲ್ಲರೂ ಇಡುದು ಅದನ್ನೇ ಅಲ್ವಾ? ನನ್ನ ಆಣಿಗೂ ನಾನು ಅದನ್ನೇ ಇಟ್ಟದ್ದು."

"ನಿಮ್ಮದು ಸುಲಿದು ಹೋಯ್ತು."

*

ಮೊದಲು ಅದು ಸಾಸಿವೆಯಷ್ಟು ಕಪ್ಪು ಚುಕ್ಕೆ. ಬರಿಗಾಲಲ್ಲಿ ನಡೆಯುವವರಿಗೆ ಆಣಿ ಹೊಸತಲ್ಲ. ಪ್ರೇಮಾವತಿಯ ಅಪ್ಪ ಬೋಜಪ್ಪ ಗೇರುಬೀಜದ ಸಿಪ್ಪೆ ಸುಟ್ಟು ಎಣ್ಣೆ ಇಳಿಸಿ, ಸಂಜೆ ಹೆಂಡತಿಯ ಹಿಮ್ಮಡಿಗೆ ತನ್ನ ಹೆಬ್ಬೆರಳಿನಿಂದಲೇ ಹಚ್ಚುತ್ತಿದ್ದ.

"ಮದುವೆಯಾಗಿ ಇಷ್ಟು ವರ್ಷಕ್ಕೆ ನಿನ್ನ ಕಾಲು ಹಿಡಿಯುವ ಯೋಗ ಬಂತು ನೋಡು."

"ಗಟ್ಟಿ ಹಿಡೀರಿ, ಬಿಟ್ಟರೆ ಓಡ್ತೇನೆ," ಎಂದು ಶೀಲಾವತಿ ನಗುತ್ತಿದ್ದಳು.

ಗೇರೆಣ್ಣೆ ತಾಗಿದಲ್ಲೆಲ್ಲ ಚರ್ಮ ಸುಟ್ಟು ಕಪ್ಪಾಗುತ್ತದೆ, ಆಮೇಲೆ ಸುಲಿಯುತ್ತದೆ. ಬೋಜಪ್ಪನ ಹೆಬ್ಬೆರಳು ಸುಲಿಯಿತು. ಹಿಮ್ಮಡಿ ಸುಲಿಯಲಿಲ್ಲ.

ರಕ್ತ ಬಂದಾಗ ಬಸ್ಸಿನಲ್ಲಿ ಪುತ್ತೂರಿಗೆ ಹೋದರು. ಡಾಕ್ಟರು ಕುರ್ಚಿಯಿಂದಲೇ ಬಗ್ಗಿ ನೋಡಿದರು.

"ಗೇರೆಣ್ಣೆ ಹಾಕಿದ್ದೀರಾ?"

"ಹೌದು."

"ಅದರದ್ದೇ ಕಲೆ. ಹಳ್ಳಿಯವರಿಗೆ ಎಷ್ಟು ಹೇಳಿದರೂ ಅಷ್ಟೆ."

"ಕಪ್ಪು ಮೊದಲೇ ಇತ್ತು ಡಾಕ್ಟ್ರೇ," ಎಂದಳು ಶೀಲಾವತಿ. "ಎಣ್ಣೆ ಹಾಕಿದ್ದು ಆಮೇಲೆ."

ಅವರು ಮುಲಾಮು ಬರೆದುಕೊಟ್ಟು ಮುಂದಿನವರನ್ನು ಕರೆದಾಗಿತ್ತು.

ತೊಡೆಸಂದಿಯಲ್ಲಿ ಗಂಟು ಎದ್ದಾಗ ಅದೇ ಡಾಕ್ಟರು, ಕಾಲಿನ ಗಾಯಕ್ಕೆ ಹಾಗೆ ಆಗುದುಂಟು ಎಂದರು. ಗಂಟು ಮುಷ್ಟಿಯಷ್ಟಾದ ಮೇಲೆ ಮಂಗಳೂರು. ಅಲ್ಲಿಯ ಮುದಿ ಡಾಕ್ಟರು ಮಾತ್ರ ಮಂಡಿಯೂರಿ, ಹಿಮ್ಮಡಿ ಕೈಯಲ್ಲಿ ಹಿಡಿದು ನೋಡಿದರು. ಕನ್ನಡಕ ತೆಗೆದರು.

"ಇದು ಕ್ಯಾನ್ಸರ್. ಹೀಗೆ ಕಪ್ಪು ಕಲೆಯಲ್ಲಿ ಶುರುವಾಗುವುದನ್ನು ನಾನು ನೋಡಿದ್ದೇ ಅಪರೂಪ. ಬಹಳ ಬೇಗ ಹಬ್ಬುತ್ತದೆ."

"ಮೊದಲೇ ತಂದಿದ್ದರೆ?" ಬಾಗಿಲ ಬಳಿಯಿಂದ ಪ್ರೇಮಾವತಿ ಕೇಳಿದಳು.

"ಮೊದಲೇ ತಂದಿದ್ದರೆ ನಾನೂ ಆಣಿ ಅಂತಿದ್ದೆನೋ ಏನೋ, ಮಗಾ."

ಪ್ರೀತಿಯಿಂದಲೇ ಹೇಳಿದ್ದರು. ಸುಳ್ಯದ ಮನೆಗೆ ಬರುವ ದಾರಿಯುದ್ದಕ್ಕೂ ಅವಳಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಬಂದದ್ದು ಆ ಮನುಷ್ಯನ ಮೇಲೆಯೇ.

*

"ಸಾಕು ಬೊಬ್ಬೆ," ಎಂದ ಡೊಂಬಯ್ಯ. "ಬೋಜಪ್ಪಾ, ಬಾಯಿಗೆ ನೀರು ಬಿಡು ಬಾ."

ಬೋಜಪ್ಪ ಎದ್ದು ಬಂದ. ಅಪ್ಪನಿಗೆ ಹೇಳಬೇಕಾದದ್ದು ಪ್ರೇಮಾವತಿಯ ನಾಲಿಗೆಯ ತುದಿಯಲ್ಲಿತ್ತು: ದಿನಾ ಹಚ್ಚಿದವರು ನೀವು, ನಿಮ್ಮ ಬೆರಳು ಸುಲಿದರೂ ಹಿಮ್ಮಡಿ ಸುಲಿಯದ್ದು ನಿಮಗೆ ಕಾಣಲಿಲ್ಲವೇ?

ತುಳಸಿ ನೀರಿನ ಗಿಂಡಿ ಹಿಡಿದವನು ತಲೆಯ ಕಡೆಗೆ ಹೋಗಲಿಲ್ಲ. ಕಾಲಿನ ಬಳಿ ಕುಳಿತ. ದೊಡ್ಡವ್ವ ಮತ್ತೆ ಬಟ್ಟೆ ಎಳೆಯಲು ಬಂದಾಗ ಅವಳ ಕೈ ಸರಿಸಿದ.

"ಮುಚ್ಚುದು ಬೇಡ ಅತ್ತಿಗೆ."

ಪ್ರೇಮಾವತಿ ಬಾಯಿ ತೆರೆದಳು. ಬೋಜಪ್ಪ ಗಿಂಡಿಯ ನೀರಲ್ಲಿ ಹೆಬ್ಬೆರಳು ಅದ್ದಿ, ರೂಢಿಯಾಗಿದ್ದ ಜಾಗದಲ್ಲೇ ಇಟ್ಟು, ಹಿಮ್ಮಡಿಯನ್ನು ಉಜ್ಜತೊಡಗಿದ. ಮತ್ತೆ ಅದ್ದಿದ, ಮತ್ತೆ ಉಜ್ಜಿದ. ಸುಲಿದು ವಾಸಿಯಾಗಿದ್ದ ಅವನ ಬೆರಳಲ್ಲಿ ಒಂದು ಕಲೆಯೂ ಇರಲಿಲ್ಲ. ಅದರ ಅಡಿಯಲ್ಲಿ ಹಿಮ್ಮಡಿಯ ಕಪ್ಪು, ಒದ್ದೆಯಾಗಿ, ಇನ್ನೂ ಹೊಳೆಯಿತು.