ನಿದ್ದೆ ಬರುತ್ತಿದ್ದ ಜಾಗ

ಗಣಿತದ ಮೇಡಂ ಕ್ಲಾಸಿನಲ್ಲಿ ಯಾರಾದರೂ ತೂಕಡಿಸಿದರೆ ಮುಗಿಯಿತು, ಹೆತ್ತವರನ್ನು ಕರೆಸಿಬಿಡುವರು. ಬೈಯುವುದಿಲ್ಲ, ಹೊಡೆಯುವುದಿಲ್ಲ, ಬರೀ ಮನೆಯವರ ಕಿವಿಗೆ ಹಾಕುವುದು. ಅದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಹೆತ್ತವರೆಲ್ಲ ಒಂದೇ ಥರ ಇರುತ್ತಾರೆ ಅಂದುಕೊಂಡಿದ್ದರು, ಪುಣ್ಯಾತ್ಗಿತ್ತಿ!

ಕೊನೆಯ ಬೆಂಚಿನ ಹುಡುಗಿಗೆ ಕ್ಲಾಸೆಲ್ಲ ಸೇರಿ ಕುಂಭಕರ್ಣನ ತಂಗಿ ಎಂದು ಹೆಸರಿಟ್ಟಿತ್ತು. ಬೆಳಗಿನ ಮೊದಲ ಪಿರಿಯಡ್ಡಿಗೇ ಡೆಸ್ಕಿನ ಮೇಲೆ ತಲೆಯಿಟ್ಟರೆ ಬೆಲ್ ಹೊಡೆದರೂ ಏಳುತ್ತಿರಲಿಲ್ಲ. ಮೇಡಂ ಅವಳ ಅಪ್ಪನನ್ನು ಕರೆಸಿದರು. ಬಂದ. ಗರಿಗರಿ ಇಸ್ತ್ರಿಯ ಅಂಗಿ, ಬೆಣ್ಣೆಯಂಥ ಮಾತು.

"ಹೇಳಿದ್ದು ಒಳ್ಳೇದಾಯ್ತು ಮೇಡಂ. ನಾನು ನೋಡ್ಕೋತೀನಿ ಬಿಡಿ," ಎಂದು ಕ್ಲಾಸಿನ ಒಳಗೇ ಹೋಗಿ, ಮಲಗಿದ್ದ ಮಗಳನ್ನು ತಟ್ಟಿ ಎಬ್ಬಿಸಿ ಕರೆದುಕೊಂಡು ಹೋದ. ಎಂಥಾ ಸಜ್ಜನ ಎಂದುಕೊಂಡರು ಮೇಡಂ.

ಮರುದಿನ ಹುಡುಗಿ ಬರಲಿಲ್ಲ. ಅದರ ಮರುದಿನ ಬಂದವಳು ನೆಟ್ಟಗೆ ಕೂತಿದ್ದಳು, ಕಣ್ಣು ಕೆಂಡದ ಹಾಗೆ. "ಶಹಬ್ಬಾಸ್! ಹೀಗಿರ್ಬೇಕು ನೋಡು," ಎಂದು ಮೇಡಂ ಬೆನ್ನು ತಟ್ಟಿದ್ದೇ ತಡ, ಹುಡುಗಿ ಹಲ್ಲು ಕಚ್ಚಿ ಡೆಸ್ಕಿನ ಮೇಲೆ ಬಾಗಿಬಿಟ್ಟಳು. ಕಾಲರು ಸರಿದ ಕಡೆ ಕತ್ತಿನ ಕೆಳಗೆ ಬೆಲ್ಟಿನ ಬಾಸುಂಡೆ ಕಂಡವು.

ಮೇಡಂ ಅವಳನ್ನು ಸ್ಟಾಫ್ ರೂಮಿಗೆ ಕರೆದೊಯ್ದು, ಬಾಗಿಲು ಹಾಕಿ ಕೇಳಿದರು. "ರಾತ್ರಿ ಯಾಕೆ ಮಲಗಲ್ಲ ಕಂದಾ?"

"ಅಮ್ಮನ ಪಕ್ಕ ಕೂತಿರ್ತೀನಿ. ನಾನು ಎದ್ದಿದ್ರೆ ಅಪ್ಪ ಅಮ್ಮಂಗೆ ಅಷ್ಟು ಹೊಡೆಯಲ್ಲ."

ಅಯ್ಯೋ, ಕೇಳಬೇಕಿದ್ದದ್ದು ಇದೊಂದೇ ಮಾತು, ಅದೂ ಮೊದಲೇ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೇಡಂಗೆ ತಮ್ಮ ಮೇಲೇ ಹೇಸಿಗೆಯಾಯಿತು. ಹೆಡ್‌ಮಾಸ್ಟರ ಬಳಿಗೆ ಓಡಿದರು. ಅವರು ಪೊಲೀಸರಿಗೂ ಮಕ್ಕಳ ಸಹಾಯವಾಣಿಗೂ ಫೋನು ಮಾಡುವವರೆಗೆ ಮೇಡಂ ಅಲ್ಲಿಂದ ಕದಲಲಿಲ್ಲ.

ವಾಪಸು ಬಂದು ಎರಡು ಬೆಂಚು ಜೋಡಿಸಿ, ತಮ್ಮ ಶಾಲು ಮಡಿಸಿ ತಲೆದಿಂಬು ಮಾಡಿದರು.

"ಅಮ್ಮನ ಹತ್ರ ಪೊಲೀಸರು ಹೊರಟಿದಾರೆ. ಇವತ್ತು ನಿನ್ನ ಆ ಮನೆಗೆ ಕಳ್ಸಲ್ಲ. ನೀನು ಮಲಗು, ನಾನಿಲ್ಲೇ ಕೂತಿರ್ತೀನಿ."

ಹುಡುಗಿ ಹೇಳಿದಂತೆ ಮಗ್ಗುಲಾದಳು. ಎಷ್ಟು ಹೊತ್ತಾದರೂ ಕಣ್ಣು ಮಾತ್ರ ಬಾಗಿಲ ಮೇಲೇ ಇತ್ತು.

"ನಿದ್ದೆ ಬರ್ತಿಲ್ವಾ ಪುಟ್ಟಾ?"

"ಇಲ್ಲಿ ಬರ್ತಿತ್ತು ಮೇಡಂ," ಎಂದಳು ಹುಡುಗಿ. ಆ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನೀವು ಅಪ್ಪನ್ನ ಇಲ್ಲಿಗೂ ಕರೆಸಿಬಿಟ್ರಲ್ಲ."