ರಿಬ್ಬನ್ ಕಟ್ಟಿದ ತೇವಾಂಶ ಮಾಪಕ

ಅಂಬಾಲಾ ಊರಿನ ಕಾರ್ಖಾನೆಯೊಂದರ ಉದ್ದನೆಯ ಮೇಜೇ ನನ್ನ ತೊಟ್ಟಿಲು. ನಾನು ಒಂದು ತೇವಾಂಶ ಮಾಪಕ. ಹೊಟ್ಟೆಯಲ್ಲಿ ಹಿತ್ತಾಳೆಯ ಬಟ್ಟಲು, ಮುಖದ ಮೇಲೆ ಕೆಂಪು ಅಂಕಿಗಳು. ಕಾಳನ್ನೋ ಕಾಯನ್ನೋ ಒಂದು ಹಿಡಿ ಪುಡಿಮಾಡಿ ಬಟ್ಟಲಿಗೆ ಹಾಕಿ ಮುಚ್ಚಳ ತಿರುಗಿಸಿದರೆ ಸಾಕು, ಅದರಲ್ಲಿ ನೂರಕ್ಕೆ ಎಷ್ಟು ಪಾಲು ನೀರಿದೆ ಎಂದು ಅರ್ಧ ನಿಮಿಷದಲ್ಲಿ ಹೇಳುತ್ತೇನೆ. ಕಾರ್ಖಾನೆಯ ಮುದುಕ ಕೆಲಸಗಾರನೊಬ್ಬ ನನ್ನನ್ನು ಮೂರು ಸಲ ಪರೀಕ್ಷಿಸಿ, ಬೆನ್ನು ತಟ್ಟಿ ಪೆಟ್ಟಿಗೆಗೆ ಹಾಕಿದ. ನನ್ನನ್ನು ಕೆಲಸದ ವಸ್ತುವೆಂದು ತಿಳಿದು ಮುಟ್ಟಿದ ಕೊನೆಯ ಕೈ ಅದು.

ಪೆಟ್ಟಿಗೆ ತೆರೆದಾಗ ನಾನು ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆಯ ಒಂದು ರಫ್ತು ತರಬೇತಿ ಕೇಂದ್ರದಲ್ಲಿದ್ದೆ. ನಮ್ಮ ರೈತರ ಮಾಲು ಪರದೇಶದವರ ಕೈಗೆ ಮುಟ್ಟಲಿ ಎಂದು ಸರ್ಕಾರ ಮಾಡಿದ ಯೋಜನೆ ಅದು. ಯೋಜನೆ ಒಳ್ಳೆಯದೇ. ಅದೇ ಯೋಜನೆಯವರು ಹುಬ್ಬಳ್ಳಿಗೆ ವಿದೇಶಿ ವ್ಯಾಪಾರಿಗಳನ್ನು ಕರೆಸಿದ್ದರು. ಫಕ್ಕೀರವ್ವ ಎಂಬಾಕೆ ಕಟ್ಟಿದ ಇಪ್ಪತ್ತಾರು ಹೆಂಗಸರ ಸಂಘದ ಕಾಯಿಯ ಬಣ್ಣ ನೋಡಿ ಸ್ಪೇನಿನ ವ್ಯಾಪಾರಿಯೊಬ್ಬ ಮರುಳಾದ. ಮೊದಲು ನಲವತ್ತು ಚೀಲ ಹಡಗಿನಲ್ಲಿ ಕಳಿಸಿ, ಚೆನ್ನಾಗಿ ಬಂದರೆ ವರ್ಷವರ್ಷವೂ ನಿಮ್ಮಿಂದಲೇ ಕೊಳ್ಳುತ್ತೇನೆ ಎಂದ. ಷರತ್ತು ಒಂದೇ: ತೇವಾಂಶ ಹನ್ನೊಂದು ದಾಟಬಾರದು. ದಲ್ಲಾಳಿಯ ಮುಂದೆ ಕೈಕಟ್ಟಿ ನಿಲ್ಲುವುದು ತಪ್ಪೀತೆಂದು ಆ ಹೆಂಗಸರು ಆಸೆಪಟ್ಟರು.

ಅವರಿಗಾಗಿಯೇ ನನ್ನನ್ನು ತರಿಸಿದ್ದು. ಆದರೆ ಕೇಂದ್ರದ ಅಧಿಕಾರಿ ಹಂಚಿನಮನಿ ಸಾಹೇಬರು ನನ್ನ ಹೊಟ್ಟೆಯ ಸುತ್ತ ಕೆಂಪು ರಿಬ್ಬನ್ ಕಟ್ಟಿ, ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಮಂತ್ರಿಗಳು ಬಂದು ಉದ್ಘಾಟಿಸಬೇಕಂತೆ! ಚೂರಿ ಹೆಚ್ಚುವುದಕ್ಕೆ, ತಕ್ಕಡಿ ತೂಗುವುದಕ್ಕೆ ಯಾರಾದರೂ ಮುಹೂರ್ತ ನೋಡುತ್ತಾರೆಯೇ?

ಫಕ್ಕೀರವ್ವ ಮೂರು ಸಲ ಬಂದಳು. ಮೂರನೆಯ ಸಲ ಸೆರಗಿನಲ್ಲಿ ಒಂದು ಹಿಡಿ ಕಾಯಿ ಕಟ್ಟಿಕೊಂಡೇ ಬಂದಳು.

"ಸಾಹೇಬ್ರ, ನಾಡದು ಚೀಲಾ ತುಂಬೂದೈತ್ರಿ. ಒಂದ್ ಸಲ ಅಳದು ನೋಡ್ತೇವಿ. ಇಲ್ಲೇ, ನಿಮ್ಮ ಕಣ್ಣ ಮುಂದ."

"ರಿಬ್ಬನ್ ಬಿಚ್ಚೂದು ಮಂತ್ರಿಗಳ ಕೆಲಸ ಅವ್ವಾ. ನಾ ಬಿಚ್ಚಿದ್ರ ಅವರು ನನ್ನ ನೌಕರಿ ಬಿಚ್ಚತಾರ."

"ಮತ್ತ ಕಾಯಿ ಒಣಗ್ಯಾವೋ ಇಲ್ಲೋ ಹೆಂಗ್ ತಿಳೀಬೇಕ್ರಿ?"

"ಇಷ್ಟ ವರ್ಷ ಹೆಂಗ್ ಮಾಡೀರಿ, ಹಂಗ ಮಾಡ್ರಿ."

ದೇವರು ವರ ಕೊಟ್ಟರೂ ಪೂಜಾರಿ ವರ ಕೊಡಲಿಲ್ಲ. ಗಾಜಿನ ಹಿಂದೆ ನಾನು ಕುದಿಯುತ್ತಿದ್ದೆ. ಆಕೆಯ ಸೆರಗಿಗೂ ನನ್ನ ಬಟ್ಟಲಿಗೂ ಎರಡು ಮೊಳ ದೂರವಿರಲಿಲ್ಲ.

ಇಷ್ಟು ವರ್ಷ ಹೇಗೆ ಮಾಡಿದ್ದರೋ ಹಾಗೆಯೇ ಅವರು ಮಾಡಿದರು. ಆ ಸೀಮೆಯಲ್ಲಿ ಕಾಯಿ ಚೀಲ ಸೇರುವ ಮುನ್ನ ಅದಕ್ಕೆ ನೀರು ಚಿಮುಕಿಸುವ ರೂಢಿಯಿದೆ. ತೀರ ಒಣಗಿದ ಕಾಯಿ ತುಳಿದು ತುಂಬುವಾಗ ಮುರಿಯುತ್ತದೆ. ನೀರು ಕಂಡ ಕಾಯಿ ಮೆತ್ತಗಾಗಿ ಮಿರಿಮಿರಿ ಮಿಂಚುತ್ತದೆ. ಸಂಜೆ ಚಿಮುಕಿಸಿ ಬೆಳಿಗ್ಗೆ ಹರಾಜಿಗೆ ಒಯ್ಯುವ ಕಾಯಿಗೆ ಅದರಿಂದ ದೊಡ್ಡ ಕೇಡಿಲ್ಲ. ಹಡಗಿನಲ್ಲಿ ಒಂದೂವರೆ ತಿಂಗಳು ಮುಚ್ಚಿದ ಚೀಲದಲ್ಲಿ ಕೂರುವ ಕಾಯಿಗೆ ಅದೇ ವಿಷ. ಪರದೇಶಕ್ಕೆ ಹೋಗುವ ಮಾಲು ಚಂದ ಕಾಣಲೆಂದು ಬೇವಿನ ಸೊಪ್ಪಿನಿಂದ ಎರಡು ಸಲ ನೀರು ಚಿಮುಕಿಸಿದರಂತೆ. ಇದು ನನಗೆ ತಿಳಿದದ್ದು ಆಮೇಲೆ, ಫಕ್ಕೀರವ್ವ ಸಾಹೇಬರ ಮೇಜಿನ ಮುಂದೆ ನಿಂತು ಅಳುವಾಗ. ಸ್ಪೇನಿನ ಬಂದರಿನಲ್ಲಿ ನಲವತ್ತು ಚೀಲಕ್ಕೂ ಬೂಷ್ಟು ಹಿಡಿದಿತ್ತು. ಅಲ್ಲಿಯೇ ಸುಟ್ಟುಹಾಕಿದ್ದರು.

ಮಂತ್ರಿಗಳು ಬಂದದ್ದು ಅದರ ಮರುವಾರ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ! ಶಾಮಿಯಾನ, ಹಾರ, ಶಾಲು, ಬೆಳ್ಳಿಯ ಕತ್ತರಿ. ನನ್ನ ರಿಬ್ಬನ್ ಬಿತ್ತು, ಚಪ್ಪಾಳೆ ಬಿತ್ತು. ಪ್ರಾತ್ಯಕ್ಷಿಕೆಗೆ ಒಂದು ಹಿಡಿ ಕಾಯಿ ಬೇಕಾಯಿತು. ಅದನ್ನೂ ಸಾಹೇಬರು ಫಕ್ಕೀರವ್ವನಿಂದಲೇ ತರಿಸಿದ್ದರು. ಆಕೆ ತಂದದ್ದು ಅಂದು ನೀರು ಚಿಮುಕಿಸಿ ಸ್ಪೇನಿಗೆ ಕಳಿಸಿ ಉಳಿದಿದ್ದ, ಕಟ್ಟಿದ ಚೀಲದ ಕಾಯಿ.

ನನ್ನ ಬಾಳಿನ ಮೊದಲ ಕೆಲಸ. ಎದೆತುಂಬಿ ಮಾಡಿದೆ. ಹದಿನೆಂಟು ಎಂದು ತೋರಿಸಿದೆ. ಸಾಹೇಬರು ಬಗ್ಗಿ ನೋಡಿದರು, ಗಂಟಲು ಸರಿಮಾಡಿಕೊಂಡರು, ಮೈಕಿನಲ್ಲಿ ಕೂಗಿದರು: "ಹನ್ನೊಂದು! ರಫ್ತಿಗೆ ಯೋಗ್ಯ!"

ಮತ್ತೆ ಚಪ್ಪಾಳೆ. ಫಕ್ಕೀರವ್ವ ಮಾತ್ರ ಮುಂದೆ ಬಂದು ನನ್ನ ಮುಖ ನೋಡಿದಳು.

"ಹದಿನೆಂಟೈತ್ರೀ ಸಾಹೇಬ್ರ. ಒಂದರ ಮುಂದ ಎಂಟೈತಿ. ನನಗೂ ಓದಾಕ ಬರತೈತಿ."

"ಹೊಸಾ ಮಷೀನ್ ರೀ ಸರ್," ಎಂದು ಸಾಹೇಬರು ಮಂತ್ರಿಗಳ ಕಡೆ ತಿರುಗಿ ನಕ್ಕರು, "ಇನ್ನಾ ಸೆಟ್ ಆಗಿಲ್ಲ."

ನಾನು ಸೆಟ್ ಆಗಿಲ್ಲವಂತೆ! ಆ ಮಾತು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಕೈಲಾಗದವನು ಮೈ ಪರಚಿಕೊಂಡ ಎನ್ನುತ್ತಾರೆ. ನನಗೆ ಪರಚಿಕೊಳ್ಳಲು ಉಗುರೂ ಇಲ್ಲ. ಫೋಟೋ ಮುಗಿದೊಡನೆ ನನ್ನನ್ನು ಮತ್ತೆ ಕಪಾಟಿಗೆ ಸೇರಿಸಿದರು. ದುಬಾರಿ ಉಪಕರಣ, ಊರಿಗೆ ಕೊಟ್ಟರೆ ಕೆಡಿಸುತ್ತಾರೆ ಎಂದರು.

ಸ್ಪೇನಿನವನು ಇನ್ನೊಂದೇ ಒಂದು ಅವಕಾಶ ಕೊಟ್ಟ. ಮರುವರ್ಷ ಹೆಂಗಸರು ಕೇಂದ್ರದ ಹೊಸ್ತಿಲು ತುಳಿಯಲಿಲ್ಲ. ನೀರಿನ ಕೊಡವನ್ನು ಕಣದ ಹತ್ತಿರ ತರಕೂಡದೆಂದು ಫಕ್ಕೀರವ್ವ ಕಟ್ಟಪ್ಪಣೆ ಮಾಡಿದಳಂತೆ. ಇಪ್ಪತ್ತಾರು ಮಂದಿ ಕಣದಲ್ಲಿ ಕೂತು ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರಂತೆ. ಒಳಗೆ ಬೀಜ ಗಿಲಿಗಿಲಿ ಎಂದರೆ ಚೀಲಕ್ಕೆ, ಇಲ್ಲದಿದ್ದರೆ ಮರಳಿ ಬಿಸಿಲಿಗೆ. ಮುರಿಯುವುದು ಮುರಿಯಲೆಂದು ಬಿಟ್ಟರು. ನಲವತ್ತು ಚೀಲ ಆರಿಸಲು ಹದಿನೇಳು ದಿನ. ಖಾರಕ್ಕೆ ಕಿವಿ ಸುಟ್ಟು ಬಾತುಕೊಂಡವು. ನಾನು ಅರ್ಧ ನಿಮಿಷದಲ್ಲಿ ಮಾಡುವ ಕೆಲಸಕ್ಕೆ ಹೆಂಗಸರ ಕಿವಿಗಳು ಬೆಂದವು, ನಾನು ಗಾಜಿನೊಳಗೆ ತಣ್ಣಗಿದ್ದೆ. ಮಾಲು ಪಾಸಾಯಿತು. ಈಗ ವರ್ಷವರ್ಷವೂ ಹೋಗುತ್ತಿದೆ.

ನಾನೀಗ ಮುದಿ. ಬ್ಯಾಟರಿ ಸೋರಿ ಕರುಳು ತುಕ್ಕು ಹಿಡಿದಿದೆ. ನನ್ನ ಹಿತ್ತಾಳೆ ಬಟ್ಟಲಿನಲ್ಲಿ ಗುಂಡುಪಿನ್ನು ಹಾಕಿಟ್ಟಿದ್ದಾರೆ. ಗೋಡೆಯ ಮೇಲೆ ಮಾತ್ರ ನನ್ನ ದೊಡ್ಡ ಫೋಟೋ ಇದೆ. ಕೆಳಗೆ "ಈ ಯಂತ್ರದ ನೆರವಿನಿಂದ ಮಹಿಳೆಯರ ಮೆಣಸಿನಕಾಯಿ ಸ್ಪೇನಿಗೆ" ಎಂದು ಬರೆದಿದೆ. ನಾನು ಅವರ ಒಂದೇ ಒಂದು ಕಾಯಿಯನ್ನೂ ಸ್ಪೇನಿಗೆ ದಾಟಿಸಲಿಲ್ಲ. ನಾನು ಅಳೆದದ್ದು ನೀರು ಕುಡಿದ ಆ ಒಂದು ಹಿಡಿ ಮಾತ್ರ.

ಮೊನ್ನೆ ಯೋಜನೆಯ ಪರಿಶೀಲನಾ ಸಭೆ ನಡೆಯಿತು. ಈಗ ಬಂದಿರುವ ಹೊಸ ಅಧಿಕಾರಿ ಫಕ್ಕೀರವ್ವನನ್ನು ಕರೆಸಿ, ನನ್ನ ಮುಂದೆ ನಿಲ್ಲಿಸಿ, ಎರಡು ಮಾತಾಡಿ ಎಂದರು. ಆಕೆಯ ಕೂದಲು ಬೆಳ್ಳಗಾಗಿದೆ. ಗುಂಡುಪಿನ್ನುಗಳನ್ನು ಮೇಜಿನ ಮೇಲೆ ಸುರಿದು, ಸೆರಗಿನಿಂದ ನನ್ನ ಬಟ್ಟಲು ಒರೆಸಿದಳು.

"ಇದರ ಮ್ಯಾಲೆ ನನಗ ಸಿಟ್ಟಿಲ್ರಿ," ಎಂದಳು. "ಕೇಳಿದ್ರ ಇದು ಖರೇನ ಹೇಳತಿತ್ತು. ನಮಗ ಕೇಳಾಕ ಬಿಡಲಿಲ್ಲ ನೀವು. ನಲವತ್ತು ಚೀಲಾ ಸುಟ್ಟವ್ರು ನೀವು."

ಗುಮಾಸ್ತ ನಡಾವಳಿ ಪುಸ್ತಕ ಎಳೆದುಕೊಂಡು ಬರೆದ: "ಫಲಾನುಭವಿಗಳು ಉಪಕರಣದ ಬಗ್ಗೆ ಸಂತೋಷ ವ್ಯಕ್ತಪಡಿಸಿದರು."